ಒಗ್ಗರಣೆಗೆ ಫೈರ್ ಅಲಾರಂ ಹೊಡೆದುಕೊಂಡಿತು, ಈಗ ನಿಜವಾದ ಅಲಾರಂಗೂ ಯಾರೂ ಏಳುತ್ತಿಲ್ಲ

ಮಂಡಕ್ಕಿಮಿರ್ಚಿ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಊರು ದಾವಣಗೆರೆ. ಸೆಪ್ಟೆಂಬರ್‌ನಿಂದ ಮ್ಯಾಂಚೆಸ್ಟರ್‌ನಲ್ಲಿ ಎಂಎಸ್ಸಿ ಓದುತ್ತಿದ್ದೇನೆ. ಹಾಸ್ಟೆಲ್ ಹೆಸರು ಹೇಳುವುದಿಲ್ಲ, ಈಗ ಹೋಗಿರುವ ಮರ್ಯಾದೆಯೇ ಸಾಕು. ಎಂಟು ಮಹಡಿ ಕಟ್ಟಡ. ಒಂದೊಂದು ಫ್ಲಾಟ್‌ಗೆ ಆರು ರೂಮು, ಎಲ್ಲರಿಗೂ ಸೇರಿ ಒಂದು ಅಡುಗೆಮನೆ. ನಾನು ಐದನೇ ಮಹಡಿಯಲ್ಲಿದ್ದೇನೆ. ಜೊತೆಗೆ ಚೀನಾದ ಇಬ್ಬರು ಹುಡುಗಿಯರು, ನೈಜೀರಿಯಾದ ಒಬ್ಬ, ಗ್ರೀಸ್‌ನ ಒಬ್ಬ, ಇಲ್ಲಿಯದೇ ಒಬ್ಬ ಹುಡುಗಿ.

ನವೆಂಬರ್ ಎರಡನೇ ವಾರ. ರಾತ್ರಿ ಹನ್ನೆರಡೂವರೆ. ಅಸೈನ್‌ಮೆಂಟ್ ಕಳಿಸಿ ನೋಡಿದರೆ ಹೊಟ್ಟೆ ಚುರುಗುಟ್ಟುತ್ತಿತ್ತು. ವಿಲ್ಮ್‌ಸ್ಲೋ ರೋಡಿನ ಅಂಗಡಿಯಿಂದ ತಂದ ಮಂಡಕ್ಕಿ ಇತ್ತು. ಒಗ್ಗರಣೆ ಮಂಡಕ್ಕಿ ಮಾಡೋಣ ಅಂತ ಎಣ್ಣೆ ಇಟ್ಟೆ. ಹಸಿಮೆಣಸಿನಕಾಯಿ ಮುಗಿದಿತ್ತು. ಅಮ್ಮ ಕಟ್ಟಿಕೊಟ್ಟ ಬ್ಯಾಡಗಿ ಮೆಣಸಿನಕಾಯಿ ನಾಲ್ಕು ಮುರಿದು ಹಾಕಿದೆ. ಎಣ್ಣೆ ಜಾಸ್ತಿ ಕಾದಿತ್ತು ಅಂತ ಕಾಣುತ್ತದೆ, ಹಾಕಿದ ತಕ್ಷಣ ಕರ್ರಗಾಯಿತು. ಘಾಟು ಎದ್ದಿತು ನೋಡಿ, ಕಣ್ಣು ಬಿಡಲಾಗಲಿಲ್ಲ.

ಇಲ್ಲಿವರೆಗೂ ಅಲಾರಂ ಸುಮ್ಮನೆ ಇತ್ತು. ಹೊಗೆ ಹೊರಗೆ ಹೋಗಲಿ ಅಂತ ಕಿಟಕಿಗೆ ಹೋದೆ, ಅದು ಒಂದು ಗೇಣು ಮಾತ್ರ ತೆರೆಯುತ್ತದೆ. ಆಮೇಲೆ ಬಾಗಿಲು ತೆಗೆದೆ. ಅದು ತಾನಾಗೇ ಮುಚ್ಚಿಕೊಳ್ಳುವ ಬಾಗಿಲು. ಅದಕ್ಕೆ ಹತ್ತು ಕಿಲೋ ಸೋನಾ ಮಸೂರಿ ಚೀಲ ಎಳೆದು ಅಡ್ಡ ಇಟ್ಟೆ. (ಸುಳ್ಳು ಹೇಳಬಾರದು, ಆ ಚೀಲ ಯಾವಾಗಲೂ ಅಲ್ಲೇ ಇರುತ್ತದೆ. ಕೈಯಲ್ಲಿ ತಟ್ಟೆ ಹಿಡಿದು ಓಡಾಡಲು ಅನುಕೂಲ.) ಹತ್ತು ಎಣಿಸುವುದರೊಳಗೆ ಇಡೀ ಕಟ್ಟಡ ಕಿರುಚಲು ಶುರುವಾಯಿತು.

ಇನ್ನೂರಕ್ಕೂ ಜಾಸ್ತಿ ಜನ. ಸಣ್ಣ ಮಳೆ, ಚಳಿ. ಕೆಲವರು ಬರಿಗಾಲಲ್ಲಿ, ಒಬ್ಬಳು ತಲೆಗೆ ಟವೆಲ್ ಸುತ್ತಿಕೊಂಡು. ಫೈರ್ ಇಂಜಿನ್ ಬಂತು. ನಾನು ಗುಂಪಿನ ಹಿಂದೆ ಬಚ್ಚಿಟ್ಟುಕೊಂಡಿದ್ದೆ. ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡರೆ, ಸೆಕ್ಯೂರಿಟಿಯವರು ಕೆಳಗೆ ಒಂದು ಡಬ್ಬಿ ನೋಡಿ ಸೀದಾ ನಮ್ಮ ಫ್ಲಾಟ್ ನಂಬರ್ ಹೇಳಿದರು! ಮುಕ್ಕಾಲು ಗಂಟೆ ಹೊರಗೆ ನಿಂತೆವು. ಮಾರನೇ ದಿನ ಕಟ್ಟಡದ ಗ್ರೂಪ್‌ನಲ್ಲಿ ಮೆಸೇಜು: "ಐದನೇ ಮಹಡಿಯ ಕರಿ ತಿನ್ನುವವರಿಗೆ ಧನ್ಯವಾದ, ನನಗೆ ಬೆಳಗ್ಗೆ ಪರೀಕ್ಷೆ ಇತ್ತು." ಕೆಳಗೆ ಇಪ್ಪತ್ತೆಂಟು ನಗುವ ಮುಖಗಳು. ಕೂತು ಅತ್ತೆ.

ಇದು ಆ ಟರ್ಮ್‌ನಲ್ಲಿ ಏಳನೇ ಸಲ. ನನ್ನದು ಒಂದೇ, ಹೇಳಿಬಿಡುತ್ತೇನೆ. ಮಿಕ್ಕಿದ್ದು ಟೋಸ್ಟು, ಸ್ನಾನದ ಹಬೆ, ಡಿಯೋಡರೆಂಟು, ಯಾರೋ ವೇಪ್ ಎಳೆದಿದ್ದು.

ಆದರೆ ನಾನು ಬರೆಯಲು ಕೂತಿದ್ದು ಇದಕ್ಕಲ್ಲ. ಕಳೆದ ಮಂಗಳವಾರ ರಾತ್ರಿ ಮೂರು ಗಂಟೆಗೆ ಮತ್ತೆ ಅಲಾರಂ ಹೊಡೆದುಕೊಂಡಿತು. ಎಚ್ಚರವಾಯಿತು. ಎದ್ದು ಕೂತೆ. ಯಾರದ್ದಾದರೂ ಬಾಗಿಲ ಸದ್ದು ಕೇಳಿದರೆ ಹೊರಡೋಣ ಅಂತ ಕಾದೆ. ಯಾರ ಬಾಗಿಲೂ ತೆರೆಯಲಿಲ್ಲ. ಎಲ್ಲರೂ ನನ್ನ ಹಾಗೇ ಇನ್ನೊಬ್ಬರ ಬಾಗಿಲಿಗೆ ಕಿವಿ ಕೊಟ್ಟಿದ್ದರೇನೋ. ದಿಂಬು ತಲೆ ಮೇಲೆ ಒತ್ತಿಕೊಂಡು ಮಲಗಿಬಿಟ್ಟೆ. ಐದಾರು ನಿಮಿಷಕ್ಕೆ ನಿಂತಿತು. ಬೆಳಗ್ಗೆ ಎದ್ದಾಗ ಹೊಟ್ಟೆಯಲ್ಲಿ ಒಂಥರಾ ಆಯಿತು. ಏನಾದರೂ ಆಗಿದ್ದರೆ?

ಕೇಳಬೇಕಾಗಿದ್ದು ಇಷ್ಟು. ಅಡುಗೆಮನೆಯಲ್ಲಿ ಅಷ್ಟು ಹೊಗೆ ಇದ್ದರೂ ಸುಮ್ಮನಿದ್ದ ಅಲಾರಂ ಬಾಗಿಲು ತೆಗೆದ ಮೇಲೆ ಯಾಕೆ ಕೂಗಿತು? ಒಗ್ಗರಣೆ ಇಲ್ಲದೆ ನಾನು ಬದುಕಲಾರೆ, ಏನಾದರೂ ದಾರಿ ಇದೆಯಾ? ಗ್ರೀಸ್‌ನವನು ತನ್ನ ರೂಮಿನ ಸೆನ್ಸರ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿದ್ದಾನೆ, ಹೇಳಬೇಕಾ ಬಿಡಬೇಕಾ? ಮತ್ತೆ ನಿಮ್ಮಲ್ಲಿ ಯಾರಾದರೂ ಪ್ರತಿ ಸಲವೂ ಎದ್ದು ಹೋಗುತ್ತೀರಾ, ನಿಜ ಹೇಳಿ.

ಹಳೇಹುಲಿ:

ಹಹ್ಹಾ, ಸೋನಾ ಮಸೂರಿ ಚೀಲ ಓದಿ ಊರು ನೆನಪಾಯಿತು. ನಾನು ಶೆಫೀಲ್ಡ್‌ನಲ್ಲಿ ಎರಡು ವರ್ಷ ಇದ್ದೆ. ತಲೆ ಕೆಡಿಸಿಕೊಳ್ಳಬೇಡಿ. ಹೋಟೆಲ್‌ನಲ್ಲಿ ಕೊಡುವ ಶವರ್ ಕ್ಯಾಪ್ ಇರುತ್ತದಲ್ಲ, ಅದು ಸೆನ್ಸರ್‌ಗೆ ಅಳತೆ ತೆಗೆದ ಹಾಗೆ ಕೂರುತ್ತದೆ. ಅಡುಗೆ ಮುಗಿದ ಮೇಲೆ ತೆಗೆದರಾಯಿತು. ನನಗಂತೂ ಏನೂ ಆಗಲಿಲ್ಲ. ಆ ಗ್ರೀಸ್‌ನವನ ವಿಷಯ ನಿಮಗ್ಯಾಕೆ, ಸುಮ್ನೆ ಜಗಳ.

ಗಂಟೆಭಟ್ಟ:

ತಂಗೀ, ಮೇಲಿನವರ ಮಾತು ದಯವಿಟ್ಟು ಕೇಳಬೇಡಿ. ನಾನು ತೀರ್ಥಹಳ್ಳಿ ಕಡೆಯವನು. ಬರ್ಮಿಂಗ್‌ಹ್ಯಾಮ್‌ನಲ್ಲಿ ಹನ್ನೊಂದು ವರ್ಷದಿಂದ ಫೈರ್ ಅಲಾರಂ ಸರ್ವೀಸ್ ಮಾಡುವ ಕೆಲಸ. ವಿದ್ಯಾರ್ಥಿಗಳ ಕಟ್ಟಡಗಳೇ ಜಾಸ್ತಿ. ಸೆನ್ಸರ್‌ಗಳಿಂದ ನಾನು ಬಿಚ್ಚಿರುವ ಶವರ್ ಕ್ಯಾಪು, ಕಾಲುಚೀಲ, ಇನ್ನೂ ಹೇಳಬಾರದ ವಸ್ತುಗಳು ಒಂದು ಮೂಟೆ ಆಗುತ್ತವೆ.

ನಿಮ್ಮ ಮೊದಲನೇ ಪ್ರಶ್ನೆ ಬಹಳ ಒಳ್ಳೆಯದು. ನೂರಕ್ಕೆ ತೊಂಬತ್ತು ಜನಕ್ಕೆ ಇದು ಗೊತ್ತಿಲ್ಲ, ಇದನ್ನು ಯಾರೂ ಹೇಳಿಕೊಡುವುದೂ ಇಲ್ಲ. ಇಲ್ಲಿಯ ಹಾಸ್ಟೆಲ್‌ಗಳಲ್ಲಿ ಅಡುಗೆಮನೆಯ ಸೀಲಿಂಗ್‌ನಲ್ಲಿ ಸಾಮಾನ್ಯವಾಗಿ ಇರುವುದು ಹೊಗೆ ಹಿಡಿಯುವ ಸೆನ್ಸರ್ ಅಲ್ಲ, ಬಿಸಿ ಹಿಡಿಯುವ ಸೆನ್ಸರ್. ಅದರ ಹತ್ತಿರದ ಗಾಳಿ ಸುಮಾರು 60 ಡಿಗ್ರಿಗೆ ಬಂದರೆ, ಇಲ್ಲವೇ ಬಿಸಿ ಗಬಕ್ಕನೆ ಏರಿದರೆ ಮಾತ್ರ ಕೂಗುತ್ತದೆ. ಅಡುಗೆಮನೆಯಲ್ಲಿ ಹೊಗೆ ಇದ್ದದ್ದೇ ಅಂತ ಹಾಗೆ ಮಾಡಿರುತ್ತಾರೆ. ನಿಮ್ಮ ಬ್ಯಾಡಗಿ ಘಾಟಿಗೆ ಅದು ಕ್ಯಾರೇ ಅನ್ನುವುದಿಲ್ಲ.

ಕಾರಿಡಾರ್‌ನಲ್ಲಿ, ರೂಮುಗಳಲ್ಲಿ ಇರುವುದು ಹೊಗೆಯ ಸೆನ್ಸರ್. ಅದರೊಳಗೆ ಒಂದು ಸಣ್ಣ ಕತ್ತಲೆ ಗೂಡು. ಒಂದು ಕಡೆಯಿಂದ ಕಣ್ಣಿಗೆ ಕಾಣದ ಬೆಳಕು ಬಿಡುತ್ತಿರುತ್ತದೆ. ಇನ್ನೊಂದು ಕಡೆ ಬೆಳಕು ಗುರುತಿಸುವ ಕಣ್ಣು ಇರುತ್ತದೆ. ಆದರೆ ಎರಡೂ ಎದುರುಬದುರು ಇರುವುದಿಲ್ಲ. ಗಾಳಿ ಶುದ್ಧವಾಗಿದ್ದರೆ ಆ ಕಣ್ಣಿಗೆ ಏನೂ ಕಾಣುವುದಿಲ್ಲ. ಹೊಗೆಯ ಕಣ ಒಳಗೆ ಬಂದರೆ ಬೆಳಕು ಅದಕ್ಕೆ ತಾಗಿ ಚೆದುರುತ್ತದೆ, ಕಣ್ಣಿಗೆ ಬೀಳುತ್ತದೆ, ಕೂಗುತ್ತದೆ. ಮುಂಜಾನೆ ಮಂಜಿನಲ್ಲಿ ಬಸ್ಸಿನ ಲೈಟು ಹೇಗೆ ಹರಡಿ ಕಾಣುತ್ತದಲ್ಲ, ಅದೇ ಲೆಕ್ಕ. ಅದು ಬೆಂಕಿಯ ಹೊಗೆಯಾ, ಸ್ನಾನದ ಹಬೆಯಾ, ಡಿಯೋಡರೆಂಟಾ, ಎಣ್ಣೆಯ ಹೊಗೆಯಾ ಅಂತ ಅದಕ್ಕೆ ತಿಳಿಯುವುದಿಲ್ಲ. ಒಳಗೆ ಸಣ್ಣ ಹುಳ ಹೊಕ್ಕರೂ ಕೂಗಿದ್ದು ಕಂಡಿದ್ದೇನೆ.

ಹಾಗಾಗಿ ಬಾಗಿಲು ಮುಚ್ಚಿದ್ದಿದ್ದರೆ ನಿಮ್ಮ ಮಂಡಕ್ಕಿ ವಿಷಯ ನಾಲ್ಕು ಗೋಡೆ ದಾಟುತ್ತಿರಲಿಲ್ಲ. ಹೊಗೆ ಹೋಗಲಿ ಅಂತ ಎಲ್ಲರೂ ಮೊದಲು ಮಾಡುವುದೇ ಬಾಗಿಲು ತೆಗೆಯುವುದು. ಹೊಗೆ ಸೀದಾ ಕಾರಿಡಾರ್ ಸೆನ್ಸರ್ ಬಾಯಿಗೆ ಹೋಗುತ್ತದೆ. ಕೆಳಗಿನ ಡಬ್ಬಿ ಅಂದಿರಲ್ಲ, ಅದು ಪ್ಯಾನೆಲ್. ಪ್ರತಿ ಸೆನ್ಸರ್‌ಗೂ ಒಂದು ವಿಳಾಸ ಇರುತ್ತದೆ. ಯಾವ ಮಹಡಿ, ಯಾವ ಫ್ಲಾಟು, ಯಾವ ಜಾಗ, ಎಲ್ಲ ಅಲ್ಲಿ ಬರೆದು ತೋರಿಸುತ್ತದೆ. ಗುಂಪಿನ ಹಿಂದೆ ನಿಂತು ಪ್ರಯೋಜನವಿಲ್ಲ ತಂಗೀ.

ಈಗ ಆ ಅಕ್ಕಿ ಚೀಲ. ನಿಮ್ಮ ಇಡೀ ಕಥೆಯಲ್ಲಿ ನನಗೆ ಹೆದರಿಕೆ ಆಗಿದ್ದು ಅದೊಂದೇ. ಆ ಬಾಗಿಲು ತಾನಾಗೇ ಮುಚ್ಚಿಕೊಳ್ಳುವುದು ನಿಮಗೆ ಕಿರಿಕಿರಿ ಕೊಡಲಿಕ್ಕಲ್ಲ. ಅದು ಫೈರ್ ಡೋರ್. ಇಂಥ ಬಾಗಿಲುಗಳು ಸಾಮಾನ್ಯವಾಗಿ 30 ನಿಮಿಷ ಬೆಂಕಿ ತಡೆಯುವ ಹಾಗೆ ಮಾಡಿರುತ್ತವೆ. ಅಂಚಿನಲ್ಲಿ ಒಂದು ಪಟ್ಟಿ ಇರುತ್ತದೆ ನೋಡಿ, ಬಿಸಿ ತಾಗಿದರೆ ಅದು ಉಬ್ಬಿ ಸಂದು ಮುಚ್ಚುತ್ತದೆ. ಅಡುಗೆಮನೆಯಲ್ಲಿ ನಿಜವಾಗಿ ಬೆಂಕಿ ಬಿದ್ದರೆ ಕಾರಿಡಾರ್ ಉಳಿಯಬೇಕು. ನೀವು ಆರು ಜನ ಹೊರಗೆ ಹೋಗಬೇಕಾದ ದಾರಿ ಅದೊಂದೇ. ಮೂವತ್ತು ನಿಮಿಷ ತಡೆಯುವ ಬಾಗಿಲಿಗೆ ಹತ್ತು ಕಿಲೋ ಅಕ್ಕಿ ಇಟ್ಟರೆ ಅದು ಬಾಗಿಲೇ ಅಲ್ಲ.

ಒಗ್ಗರಣೆ ಬಿಡಬೇಡಿ. ನಾನೂ ಬಿಟ್ಟಿಲ್ಲ. ಊರಿನಲ್ಲಿ ಗ್ಯಾಸ್ ಒಲೆ, ಆರಿಸಿದ ಕ್ಷಣ ಉರಿ ನಿಂತುಹೋಗುತ್ತದೆ. ಇಲ್ಲಿಯ ಗಾಜಿನ ಕರೆಂಟ್ ಒಲೆ ಹಾಗಲ್ಲ, ಆಫ್ ಮಾಡಿದ ಮೇಲೂ ಕಾದೇ ಇರುತ್ತದೆ. ನಿಮ್ಮ ಮೆಣಸಿನಕಾಯಿ ಕರ್ರಗಾಗಿದ್ದು ಅದಕ್ಕೇ. ಸಾಸಿವೆ ಸಿಡಿದ ತಕ್ಷಣ ಬಾಣಲೆಯನ್ನೇ ಒಲೆಯಿಂದ ಎತ್ತಿ ಪಕ್ಕಕ್ಕೆ ಇಡಿ. ಆಮೇಲೆ ಮೆಣಸಿನಕಾಯಿ, ಇಂಗು, ಕರಿಬೇವು. ಮೇಲೆ ಮುಚ್ಚಳ. ಆ ಎಣ್ಣೆಯ ಕಾವೇ ಸಾಕು. ಚಿಮಣಿಯನ್ನು ಎಣ್ಣೆ ಇಡುವ ಮೊದಲೇ ಹಾಕಿ. ಆದರೆ ಅದರ ಮೇಲೆ ಜಾಸ್ತಿ ನಂಬಿಕೆ ಇಡಬೇಡಿ. ಎಷ್ಟೋ ಹಾಸ್ಟೆಲ್‌ಗಳಲ್ಲಿ ಅದು ಹೊಗೆಯನ್ನು ಹೊರಗೆ ಕಳಿಸುವುದೇ ಇಲ್ಲ, ಇದ್ದಿಲು ಫಿಲ್ಟರ್‌ನಲ್ಲಿ ಸೋಸಿ ಮತ್ತೆ ನಿಮ್ಮ ಮುಖಕ್ಕೇ ಬಿಡುತ್ತದೆ. ಕಿಟಕಿ ಒಂದು ಗೇಣು ತೆಗೆದು, ಬಾಗಿಲು ಮುಚ್ಚಿ, ಕೆಮ್ಮಿಕೊಂಡು ಅಲ್ಲೇ ನಿಲ್ಲಿ. ಐದು ನಿಮಿಷದ ಕಷ್ಟ.

ಆ ಮಂಗಳವಾರದ ಬಗ್ಗೆ ಸಂಜೆ ಬರೆಯುತ್ತೇನೆ. ಸೈಟ್‌ನಿಂದ ಕರೆ ಬರುತ್ತಿದೆ.

ಹಳೇಹುಲಿಯವರೇ, ಏನೂ ಆಗಲಿಲ್ಲ ಅಂದಿರಿ. ನಿಮ್ಮ ಜೊತೆಗಿದ್ದ ಮಿಕ್ಕ ಐದು ಜನರನ್ನು ಕೇಳಿಯೇ ಆ ಕ್ಯಾಪ್ ಹಾಕಿದ್ದಿರಾ?

ಪಿಜಿವಾಸಿ:

ಬೇಜಾರು ಮಾಡಿಕೊಳ್ಳಬೇಡಿ ಸಿಸ್ಟರ್, ನಿಮ್ಮ ಕಷ್ಟ ಓದಿ ಸ್ವಲ್ಪ ಹೊಟ್ಟೆಕಿಚ್ಚಾಯಿತು. ಅಲಾರಂ ಜಾಸ್ತಿ ಹೊಡೆಯುತ್ತದೆ ಅಂತ ದೂರು! ನಾನು ಬೆಂಗಳೂರಿನಲ್ಲಿ ಪಿಜಿಯಲ್ಲಿದ್ದೇನೆ. ನಾಲ್ಕು ಮಹಡಿ, ಒಂದೇ ಮೆಟ್ಟಿಲು. ಮೆಟ್ಟಿಲ ಕೆಳಗೆ ಮೀಟರ್ ಬೋರ್ಡು, ಅದರ ಪಕ್ಕದಲ್ಲೇ ಎರಡು ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಗೆ ಹಾಕಿರುತ್ತಾರೆ. ಕಿಟಕಿಗೆಲ್ಲ ಗ್ರಿಲ್. ರಾತ್ರಿ ಹತ್ತೂವರೆಗೆ ಓನರ್ ಕೊಲ್ಯಾಪ್ಸಿಬಲ್ ಗೇಟಿಗೆ ಬೀಗ ಹಾಕಿ ಕೀ ತೆಗೆದುಕೊಂಡು ಪಕ್ಕದ ರಸ್ತೆಯ ಅವರ ಮನೆಗೆ ಹೋಗುತ್ತಾರೆ. ಅಲಾರಂ? ಓನರ್ ನಾಯಿಯೇ ಅಲಾರಂ.

2010ರ ಫೆಬ್ರವರಿ 23ರಂದು ಓಲ್ಡ್ ಏರ್‌ಪೋರ್ಟ್ ರೋಡಿನ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದಿತ್ತಲ್ಲ. ಒಂಬತ್ತು ಜನ ಸತ್ತರು. ಕರೆಂಟ್ ವೈರುಗಳು ಹಾಯುವ ಡಕ್ಟ್‌ನಿಂದ ಹೊಗೆ ಮೇಲಿನ ಮಹಡಿಗಳಿಗೆ ತುಂಬಿತು. ಹೊರಗೆ ಹೋಗಲು ಇದ್ದ ಬಾಗಿಲುಗಳಿಗೆ ಬೀಗ. ಉಸಿರು ಕಟ್ಟಿ ಕೆಲವರು ಮೇಲಿಂದ ಹಾರಿದರು. ನಮ್ಮ ಚಿಕ್ಕಪ್ಪ ಆಗ ದೊಮ್ಮಲೂರಿನಲ್ಲಿದ್ದರು, ರಸ್ತೆಯಲ್ಲಿ ನಿಂತು ನೋಡಿದ್ದರಂತೆ. ಇವತ್ತಿಗೂ ಯಾವ ಕಟ್ಟಡಕ್ಕೆ ಹೋದರೂ ಮೊದಲು ಮೆಟ್ಟಿಲು ಎಲ್ಲಿದೆ ಅಂತ ನೋಡುತ್ತಾರೆ. ಮದುವೆ ಛತ್ರಕ್ಕೆ ಹೋದರೂ ಅಷ್ಟೇ, ಊಟಕ್ಕೆ ಕೂರುವ ಮೊದಲು.

ನನ್ನ ಪ್ರಶ್ನೆಯನ್ನೂ ಇಲ್ಲೇ ಸೇರಿಸುತ್ತೇನೆ. ಓನರ್ ಹತ್ತಿರ ಗೇಟಿನ ಕೀ ಕೇಳಿದರೆ "ಹುಡುಗರು ರಾತ್ರಿ ಓಡಾಡುತ್ತೀರಿ" ಅನ್ನುತ್ತಾರೆ. ಏನು ಮಾಡಲಿ?

ಎಡಿಸನ್‌ಅಕ್ಕ:

ಪುಟ್ಟಾ, ನಿನ್ನ ಕೊನೆಯ ಪ್ರಶ್ನೆಗೆ ಉತ್ತರ ಕೊಡಲು ಎರಡು ದಿನದಿಂದ ಯೋಚಿಸುತ್ತಿದ್ದೇನೆ.

ನಾವು 1998ರಲ್ಲಿ ನ್ಯೂಜೆರ್ಸಿಗೆ ಬಂದೆವು. ನಮ್ಮ ಮನೆಯವರದು ಸಾಫ್ಟ್‌ವೇರ್, ನನಗೆ ಮನೆಯಲ್ಲಿ ಕೂತು ಟಿವಿ ನೋಡುವ ಕೆಲಸ. 2000ದ ಜನವರಿ 19. ಬೆಳಗ್ಗೆ ಟಿವಿ ಹಾಕಿದರೆ ಎಲ್ಲ ಚಾನೆಲ್‌ನಲ್ಲೂ ಒಂದೇ ಸುದ್ದಿ. ಸೌತ್ ಆರೆಂಜ್ ಅನ್ನುವ ಊರು, ನಮ್ಮ ಮನೆಯಿಂದ ಕಾರಿನಲ್ಲಿ ಬಹಳ ದೂರವಿಲ್ಲ. ಅಲ್ಲಿಯ ಸೀಟನ್ ಹಾಲ್ ಯೂನಿವರ್ಸಿಟಿಯ ಬೋಲಂಡ್ ಹಾಲ್ ಅನ್ನುವ ಹಾಸ್ಟೆಲ್. ಮೊದಲ ವರ್ಷದ ಮಕ್ಕಳು ಇರುವ ಕಟ್ಟಡ. ಬೆಳಗಿನ ಜಾವ ನಾಲ್ಕೂವರೆ ಸುಮಾರಿಗೆ ಮೂರನೇ ಮಹಡಿಯ ಲೌಂಜ್‌ನಲ್ಲಿ ಸೋಫಾಗಳಿಗೆ ಬೆಂಕಿ ಹತ್ತಿಕೊಂಡಿತ್ತು. ಮೂರು ಮಕ್ಕಳು ಸತ್ತರು. ಐವತ್ತಕ್ಕೂ ಜಾಸ್ತಿ ಜನಕ್ಕೆ ಗಾಯ, ಕೆಲವರಿಗೆ ಮೈಯೆಲ್ಲ ಸುಟ್ಟಿತ್ತು.

ಅಲಾರಂ ಹೊಡೆದಿತ್ತು ಕಣೇ. ಸರಿಯಾಗೇ ಹೊಡೆದಿತ್ತು. ಆದರೆ ಆ ಸೆಪ್ಟೆಂಬರ್‌ನಿಂದ ಅಲ್ಲಿ 18 ಸುಳ್ಳು ಅಲಾರಂ ಆಗಿದ್ದವು. ಎಷ್ಟೋ ಮಕ್ಕಳು ಇದು ಹತ್ತೊಂಬತ್ತನೆಯದು ಅಂದುಕೊಂಡು ಮಗ್ಗುಲು ಬದಲಿಸಿದರು. ಹೊಗೆಯ ವಾಸನೆ ಬಂದ ಮೇಲೆ ಎದ್ದರು. ಆಗ ಕಾರಿಡಾರ್‌ನಲ್ಲಿ ಕೈ ಕಾಣುತ್ತಿರಲಿಲ್ಲವಂತೆ.

ನೀನು ದಿಂಬು ಒತ್ತಿಕೊಂಡು ಮಲಗಿದೆ ಅಂತ ಬರೆದದ್ದು ಓದಿ ನನಗೆ ಆ ಬೆಳಗ್ಗೆ ನೆನಪಾಯಿತು. ಆಗ ನನ್ನ ಮಗಳು ಹೊಟ್ಟೆಯಲ್ಲಿದ್ದಳು. ಟಿವಿ ಮುಂದೆ ಕೂತು, ಇವಳನ್ನು ಯಾವತ್ತೂ ಹಾಸ್ಟೆಲ್‌ಗೆ ಹಾಕುವುದಿಲ್ಲ ಅಂತ ಶಪಥ ಮಾಡಿದೆ. ಹದಿನೆಂಟು ವರ್ಷ ಆದ ಮೇಲೆ ಅವಳು ಕೇಳಬೇಕಲ್ಲ.

ಆ ಕಟ್ಟಡ 1952ರದ್ದು. ಸ್ಪ್ರಿಂಕ್ಲರ್, ಅಂದರೆ ಬೆಂಕಿ ಬಿದ್ದರೆ ಸೀಲಿಂಗ್‌ನಿಂದ ತಾನಾಗೇ ನೀರು ಚಿಮ್ಮಿಸುವ ವ್ಯವಸ್ಥೆ, ಇರಲಿಲ್ಲ. ಹಳೇ ಕಟ್ಟಡ ಅಂತ ಕಾನೂನೂ ಕೇಳುತ್ತಿರಲಿಲ್ಲ. ಬೆಂಕಿ ಬಿದ್ದ ವರ್ಷವೇ ನ್ಯೂಜೆರ್ಸಿಯಲ್ಲಿ ಎಲ್ಲ ಹಾಸ್ಟೆಲ್‌ಗೂ ನಾಲ್ಕು ವರ್ಷದೊಳಗೆ ಸ್ಪ್ರಿಂಕ್ಲರ್ ಹಾಕಬೇಕು ಅಂತ ಕಾನೂನು ಬಂತು. ಬೆಂಕಿ ಹಚ್ಚಿದ್ದು ಇಬ್ಬರು ಹುಡುಗರು, ತಮಾಷೆಗೆ. ಅವರು ತಪ್ಪೊಪ್ಪಿಕೊಂಡಿದ್ದು 2006ರಲ್ಲಿ. ಐದೈದು ವರ್ಷ ಶಿಕ್ಷೆ ಆಯಿತು. ಆರು ವರ್ಷ ಆ ಮೂರು ಮನೆಗಳ ತಾಯಂದಿರು ಹೇಗೆ ಕಾದಿರಬೇಕು.

2008ರಿಂದ ಇಲ್ಲಿ ಇನ್ನೊಂದು ಕಾನೂನಿದೆ. ಹಾಸ್ಟೆಲ್ ಇರುವ ಕಾಲೇಜುಗಳು ಪ್ರತಿ ವರ್ಷ ಬೆಂಕಿಯ ಲೆಕ್ಕ ಬರೆದು ಪ್ರಕಟಿಸಬೇಕು. ಯಾವ ಕಟ್ಟಡದಲ್ಲಿ ಎಷ್ಟು ಸಲ ಬೆಂಕಿ, ಏನು ಕಾರಣ, ಸ್ಪ್ರಿಂಕ್ಲರ್ ಇದೆಯಾ, ವರ್ಷಕ್ಕೆ ಎಷ್ಟು ಡ್ರಿಲ್, ಎಲ್ಲ. ಮಗಳು ಕಾಲೇಜು ಆರಿಸುವಾಗ ಅವಳು ಕ್ಯಾಂಪಸ್ ಫೋಟೋ ನೋಡುತ್ತಿದ್ದಳು, ನಾನು ಈ ಲೆಕ್ಕ ಓದುತ್ತಿದ್ದೆ. ಕಾರಣದ ಕಾಲಂನಲ್ಲಿ ಸಾಲು ಸಾಲು ಅಡುಗೆ, ಅಡುಗೆ, ಅಡುಗೆ. ಒಂದು ಕಡೆ ಪಾಪ್‌ಕಾರ್ನ್ ಅಂತಲೇ ಬರೆದಿದ್ದರು.

ಅದಕ್ಕೇ ಹೇಳುತ್ತೇನೆ, ಏಳು ಪುಟ್ಟಾ. ಪ್ರತಿ ಸಲ ಏಳು. ಇನ್ನೊಬ್ಬರ ಬಾಗಿಲಿನ ಸದ್ದಿಗೆ ಕಾಯಬೇಡ. ಮಂಚದ ಪಕ್ಕ ಚಪ್ಪಲಿ, ದಪ್ಪ ಸ್ವೆಟರು, ಕೀ ಇಟ್ಟುಕೊಂಡು ಮಲಗು. ಚಳಿಯೇ ಅರ್ಧ ಸೋಮಾರಿತನಕ್ಕೆ ಕಾರಣ.

ಇನ್ನೊಂದು ಮಾತು, ಆ ಕರಿ ಮೆಸೇಜಿಗೆ ಅಳಬೇಡ. ಹಳ್ಳಿಯ ಮನೆಯಲ್ಲಿ ಅಜ್ಜಿ ಮೆಣಸಿನಕಾಯಿ ಹುರಿದರೆ ನಾವೂ ಹೊರಗೆ ಓಡಿಹೋಗುತ್ತಿದ್ದೆವಲ್ಲ. ಅಲ್ಲಿ ಯಾರೂ ಫೈರ್ ಇಂಜಿನ್ ಕರೆಯುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಗಂಟೆಭಟ್ಟ:

ಅಕ್ಕ ಹೇಳಿದ ಮೇಲೆ ನನಗೆ ಜಾಸ್ತಿ ಉಳಿದಿಲ್ಲ. ಆದರೂ ನಿಮ್ಮ ಊರಿನ ಪಕ್ಕದ್ದೇ ಒಂದು ಹೇಳುತ್ತೇನೆ. ಬೋಲ್ಟನ್, ಮ್ಯಾಂಚೆಸ್ಟರ್‌ನಿಂದ ರೈಲಿನಲ್ಲಿ ಇಪ್ಪತ್ತು ನಿಮಿಷ. 2019ರ ನವೆಂಬರ್ 15, ಶುಕ್ರವಾರ ರಾತ್ರಿ. ದಿ ಕ್ಯೂಬ್ ಅನ್ನುವ ಆರು ಮಹಡಿಯ ವಿದ್ಯಾರ್ಥಿಗಳ ಕಟ್ಟಡ. ಬೆಂಕಿ ಹೊರಗೋಡೆಯ ಹೊದಿಕೆ ಹಿಡಿದು ಮೇಲೆ ಹೋಯಿತು. ಇನ್ನೂರಕ್ಕೂ ಹೆಚ್ಚು ಮಕ್ಕಳು ಉಟ್ಟ ಬಟ್ಟೆಯಲ್ಲಿ ಬೀದಿಗೆ ಬಂದರು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಲಾರಂ ಆಗಾಗ ಹೊಡೆಯುತ್ತಿತ್ತು, ಹಾಗಾಗಿ ಮೊದಲು ನಂಬಲಿಲ್ಲ ಅಂತ ಅಲ್ಲಿದ್ದವರೂ ಹೇಳಿದರು. ಕೆಲವರು ಬಾಗಿಲು ಬಡಿದು, ಕೂಗಿ ಎಬ್ಬಿಸಿದರಂತೆ.

ನಿಮ್ಮ ಫ್ಲಾಟ್‌ನಲ್ಲಿರುವ ಇಲ್ಲಿಯ ಹುಡುಗಿ, "ಒಳಗೇ ಇದ್ದರೆ ಕ್ಷೇಮ" ಅಂತ ನಿಮಗೆ ಹೇಳಬಹುದು. ಇಲ್ಲಿ ಬಹುಮಹಡಿ ಮನೆಗಳಿಗೆ ಅಂಥದ್ದೊಂದು ಸಲಹೆ ಇದೆ. ಬೆಂಕಿ ನಿಮ್ಮ ಮನೆಯಲ್ಲಿ ಅಲ್ಲದಿದ್ದರೆ ಬಾಗಿಲು ಮುಚ್ಚಿ ಒಳಗಿರಿ ಅಂತ. 2017ರ ಜೂನ್ 14ರಂದು ಲಂಡನ್‌ನ ಗ್ರೆನ್‌ಫೆಲ್ ಟವರ್‌ನಲ್ಲಿ ಆ ಸಲಹೆ ಪಾಲಿಸಿದವರಲ್ಲಿ ಎಷ್ಟೋ ಜನ ಉಳಿಯಲಿಲ್ಲ. 72 ಜೀವ ಹೋಯಿತು. ಅದು ಶುರುವಾಗಿದ್ದೂ ಒಂದು ಅಡುಗೆಮನೆಯ ಫ್ರಿಜ್‌ನಿಂದ. ನಿಮ್ಮ ಕಟ್ಟಡದ್ದು ಯಾವ ಪದ್ಧತಿ ಅಂತ ತಿಳಿಯಲು ರೂಮಿನ ಬಾಗಿಲ ಹಿಂದೆ ಅಂಟಿಸಿರುವ ಕಾಗದ ಓದಿ. ಅಲಾರಂ ಇಡೀ ಕಟ್ಟಡಕ್ಕೆ ಹೊಡೆದು ಎಲ್ಲರನ್ನೂ ಹೊರಗೆ ಕರೆಯುತ್ತದೆ ಅಂದರೆ ನಿಮ್ಮದು ಹೊರಗೆ ಹೋಗುವ ಪದ್ಧತಿ. ಲಿಫ್ಟ್ ಬೇಡ.

ಗ್ರೀಸ್‌ನವನಿಗೆ ಮೊದಲು ನೀವೇ ಹೇಳಿ, ಜಗಳವಾಡಬೇಡಿ. "ರಾತ್ರಿ ನಿನ್ನ ಚಾರ್ಜರ್‌ನಿಂದ ಹೊಗೆ ಬಂದರೆ ನಮಗೆ ಗೊತ್ತಾಗುವುದಾದರೂ ಹೇಗೆ" ಅಂತ ಕೇಳಿ ಸಾಕು. ತೆಗೆಯದಿದ್ದರೆ ವಾರ್ಡನ್‌ಗೆ ಹೇಳಿ. ಇದರಲ್ಲಿ ಚಾಡಿ ಏನೂ ಇಲ್ಲ.

ಮಿರ್ಚಿ ಅಂತ ಹೆಸರಿಟ್ಟುಕೊಂಡಿದ್ದೀರಿ ಅಂತ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಾಣಲೆ ತುಂಬ ಎಣ್ಣೆ ಇಟ್ಟು ಕರಿಯುವುದು ಅಲ್ಲಿ ಬೇಡವೇ ಬೇಡ. ಎಣ್ಣೆಗೇ ಬೆಂಕಿ ಹತ್ತಿದರೆ ನೀರು ಹಾಕಬಾರದು. ನೀರು ಎಣ್ಣೆಯ ಅಡಿಗೆ ಇಳಿದು ಒಮ್ಮೆಲೇ ಹಬೆಯಾಗುತ್ತದೆ. ಒಂದು ಲೋಟ ನೀರು ಸುಮಾರು 1700 ಲೋಟದಷ್ಟು ಹಬೆ. ಉರಿಯುವ ಎಣ್ಣೆಯನ್ನು ಸೀಲಿಂಗ್‌ಗೆ ಎಸೆದ ಹಾಗೆ. ಒಲೆ ಆರಿಸಿ, ಕೈಗೆ ಸಿಕ್ಕಿದರೆ ಮುಚ್ಚಳ ಇಲ್ಲವೇ ಗೋಡೆಯ ಕೆಂಪು ಡಬ್ಬಿಯಲ್ಲಿರುವ ಫೈರ್ ಬ್ಲಾಂಕೆಟ್ (ಬೆಂಕಿ ಆರಿಸುವ ಹೊದಿಕೆ) ಮುಚ್ಚಿ. ಬಾಣಲೆ ಎತ್ತಿಕೊಂಡು ಓಡಬೇಡಿ. ಕೈ ಮೀರಿತು ಅನ್ನಿಸಿದರೆ ಬಾಗಿಲು ಎಳೆದು ಹೊರಗೆ ಬಂದು 999ಕ್ಕೆ ಫೋನ್ ಮಾಡಿ.

ಪಿಜಿಯವರೇ, ನಿಮ್ಮ ಕಥೆ ಕೇಳಿ ನನಗೆ ನಿದ್ದೆ ಬರುವುದಿಲ್ಲ. ಕೀ ಕೇಳಬೇಡಿ. ಒಳಗಿನ ಕಡೆ ಒಂದು ಗಾಜಿನ ಡಬ್ಬಿಯಲ್ಲಿ ಇನ್ನೊಂದು ಕೀ ತೂಗುಹಾಕಿ, ಗಾಜು ಒಡೆದರೆ ಯಾರು ಅಂತ ಗೊತ್ತಾಗುತ್ತದೆ ಅನ್ನಿ. ಓಡಾಡುವ ಹುಡುಗರ ಚಿಂತೆಗೂ ಅದೇ ಮದ್ದು. ಸ್ಕೂಟರ್ ಚಾರ್ಜಿಂಗ್ ಮಾತ್ರ ಮೆಟ್ಟಿಲ ಕೆಳಗಿನಿಂದ ಈ ವಾರವೇ ಹೊರಗೆ ಹೋಗಬೇಕು. ಇರುವುದೊಂದೇ ಮೆಟ್ಟಿಲು ಅಂದಿರಲ್ಲ. ಓನರ್ ಕೇಳದಿದ್ದರೆ ಎಲ್ಲ ರೂಮಿನವರೂ ಒಟ್ಟಿಗೆ ಹೋಗಿ ಕೂರಿ. ತಿಂಗಳ ಬಾಡಿಗೆ ಕೊಡುವ ದಿನ ಹೋದರೆ ಮಾತಿಗೆ ಬೆಲೆ ಜಾಸ್ತಿ.

ಹಳೇಹುಲಿ:

ಭಟ್ಟರೇ, ಕೇಳಿರಲಿಲ್ಲ. ಸೀಟನ್ ಹಾಲ್ ವಿಷಯ ನನಗೆ ಗೊತ್ತಿರಲಿಲ್ಲ. ಶವರ್ ಕ್ಯಾಪ್ ಮಾತು ವಾಪಸ್.

ಮಂಡಕ್ಕಿಮಿರ್ಚಿ:

ಎರಡು ವಾರ ಆಯಿತು, ಬಂದು ಹೇಳದಿದ್ದರೆ ತಪ್ಪಾಗುತ್ತದೆ.

ಅಕ್ಕಾ, ನಿಮ್ಮದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ಗ್ರೂಪ್‌ನಲ್ಲಿ ನಾನೇ ಬರೆದೆ. ಅವತ್ತಿನದು ನನ್ನಿಂದ, ಕ್ಷಮಿಸಿ, ಅಡುಗೆಮನೆ ಬಾಗಿಲು ತೆಗೆದಿಟ್ಟಿದ್ದು ತಪ್ಪಾಯಿತು, ನೀವೂ ಇಡಬೇಡಿ ಅಂತ. ಭಟ್ಟಣ್ಣ ಹೇಳಿದ ಸೆನ್ಸರ್ ವಿಷಯ ಇಂಗ್ಲಿಷಿಗೆ ಮಾಡಿ ಹಾಕಿದೆ. ನಗುವ ಮುಖ ಹಾಕಿದವರಲ್ಲೇ ಒಬ್ಬಳು ಬಂದು, ತನ್ನ ಟೋಸ್ಟಿನಿಂದ ಎರಡು ಸಲ ಹೊಡೆದಿತ್ತು, ಹೇಳಿಕೊಳ್ಳಲು ಹೆದರಿದ್ದೆ ಅಂದಳು. ಆ ಪರೀಕ್ಷೆಯವನು ಏನೂ ಹೇಳಲಿಲ್ಲ. ಇರಲಿ.

ಗ್ರೀಸ್‌ನವನು ಕವರ್ ತೆಗೆದ. ಮೊದಲು ಮುಖ ದಪ್ಪ ಮಾಡಿಕೊಂಡಿದ್ದ. ಚಾರ್ಜರ್ ಮಾತು ಕೇಳಿ ತನ್ನ ಮಂಚದ ಕೆಳಗೆ ತಾನೇ ಬಗ್ಗಿ ನೋಡಿದ. ಅಲ್ಲಿ ಒಂದಕ್ಕೊಂದು ಸಿಕ್ಕಿಸಿದ ಮೂರು ಎಕ್ಸ್‌ಟೆನ್ಷನ್ ಬೋರ್ಡು!

ಒಗ್ಗರಣೆ ಈಗ ಬಾಣಲೆ ಎತ್ತಿಟ್ಟುಕೊಂಡೇ. ಮೆಣಸಿನಕಾಯಿ ಕೆಂಪಗೇ ಉಳಿಯುತ್ತದೆ, ಅಮ್ಮ ಮಾಡಿದ ಹಾಗೆ. ಅಮ್ಮನಿಗೆ ಫೋನ್‌ನಲ್ಲಿ ಹೇಳಿದರೆ, "ಇಷ್ಟು ವರ್ಷ ನಾನು ಅದನ್ನೇ ಹೇಳುತ್ತಿದ್ದೆ, ನಿನಗೆ ಯಾವನೋ ತೀರ್ಥಹಳ್ಳಿಯವನು ಹೇಳಬೇಕಾಯಿತಾ" ಅಂದಳು. ದೀಪಾವಳಿಗೆ ರೂಮಿನಲ್ಲಿ ಬ್ಯಾಟರಿ ದೀಪ ಇಟ್ಟಿದ್ದಕ್ಕೆ "ಅದಕ್ಕೆಲ್ಲಾ ಲಕ್ಷ್ಮಿ ಬರ್ತಾಳೇನೇ" ಅಂತ ಬೈದಿದ್ದಳು. ಈಗ ಅದರ ಬಗ್ಗೆ ಮಾತಿಲ್ಲ.

ಮೊನ್ನೆ ಭಾನುವಾರ ಬೆಳಗ್ಗೆ ಆರೂ ನಲವತ್ತಕ್ಕೆ ಮತ್ತೆ ಹೊಡೆಯಿತು. ಸ್ವೆಟರ್ ಹಾಕಿಕೊಂಡು ಎದ್ದೆ. ಯಾರ ಬಾಗಿಲೂ ತೆರೆದಿರಲಿಲ್ಲ. ಐದೂ ಬಾಗಿಲು ಬಡಿದುಕೊಂಡು ಮೆಟ್ಟಿಲು ಇಳಿದೆ, ಕಾಯಲಿಲ್ಲ. ನಾಲ್ಕನೇ ಮಹಡಿಗೆ ಬಂದಾಗ ಹಿಂದೆ ಚಪ್ಪಲಿ ಸದ್ದು. ಚೀನಾದ ಹುಡುಗಿಯರು. ಆಮೇಲೆ ಗ್ರೀಸ್‌ನವನು, ಒಂದು ಕಾಲಿಗೆ ಶೂ, ಇನ್ನೊಂದಕ್ಕೆ ಚಪ್ಪಲಿ. ಇಲ್ಲಿಯ ಹುಡುಗಿ ಕೊನೆಗೆ ಬೈದುಕೊಂಡು ಬಂದಳು. ಆರನೆಯವನು ಬರಲೇ ಇಲ್ಲ. ಹೆದರಿ ಫೋನ್ ಮಾಡಿದರೆ ರಾತ್ರಿಯೇ ಲೀಡ್ಸ್‌ಗೆ ಹೋಗಿದ್ದನಂತೆ.

ಕೆಳಗೆ ಅದೇ ಸೆಕ್ಯೂರಿಟಿಯವರು ಇದ್ದರು. ಪ್ಯಾನೆಲ್ ನೋಡಿದರು, ನನ್ನ ಮುಖ ನೋಡಿದರು.

"ಇವತ್ತು ನೀವಲ್ಲ. ಎರಡನೇ ಮಹಡಿ" ಅಂದರು.

ಅಕ್ಕಿ ಚೀಲ ಈಗ ನನ್ನ ಮಂಚದ ಕೆಳಗಿದೆ. ಭಟ್ಟಣ್ಣಾ, ಒಂದೇ ಒಂದು ಪ್ರಶ್ನೆ ಉಳಿದಿದೆ. ಬಾಣಲೆ ಬೇಡ ಅಂದಿರಿ, ಸರಿ. ಮಿರ್ಚಿಯನ್ನು ಏರ್ ಫ್ರೈಯರ್‌ನಲ್ಲಿ ಮಾಡಬಹುದಾ?

ಗಂಟೆಭಟ್ಟ:

ಮಾಡಬಹುದು. ಬಾಗಿಲು ಮುಚ್ಚಿ ಮಾಡಿ. ಆದರೆ ಅದನ್ನು ಮಿರ್ಚಿ ಅಂತ ದಾವಣಗೆರೆಯಲ್ಲಿ ಹೇಳಬೇಡಿ.